ಕಲ್ಲಾದ ಮರ: ಸಿಕ್ಕ ಜಾಗದ ವಿವರವೂ ಉಳಿಯಲಿ

ಮಾನ್ಯ ಸಂಪಾದಕರೇ,

ಕಲ್ಲಾಗಿ ಮಾರ್ಪಟ್ಟ ಮರದ ತುಂಡುಗಳನ್ನು ಕತ್ತರಿಸಿ, ಹೊಳಪು ಕೊಟ್ಟು ಅಲಂಕಾರಕ್ಕೆಂದು ಮಾರುವುದು ಹಲವು ದೇಶಗಳಲ್ಲಿ ನಡೆದುಬಂದಿದೆ. ಕಣ್ಸೆಳೆಯುವ ಆ ಕೆಂಪು, ಹಳದಿ ಬಣ್ಣಗಳು ಬಹುಮಟ್ಟಿಗೆ ಕಬ್ಬಿಣದ ಅಂಶದಿಂದ ಬಂದವು. ಸಸ್ಯವಿಜ್ಞಾನಿಗಳು ಹುಡುಕುವುದು ಆ ಬಣ್ಣದೊಳಗೆ ಉಳಿದಿರುವ ಜೀವಕೋಶಗಳ ರಚನೆಯನ್ನು.

ಕೆಸರು ಅಥವಾ ಜ್ವಾಲಾಮುಖಿಯ ಬೂದಿಯಡಿ ಬೇಗನೆ ಹೂತುಹೋದ ಮರ ಗಾಳಿ ತಾಗದೆ ನಿಧಾನವಾಗಿ ಕೊಳೆಯುತ್ತದೆ. ಅಷ್ಟರಲ್ಲಿ ಅಂತರ್ಜಲದಲ್ಲಿ ಕರಗಿರುವ ಸಿಲಿಕಾ (ಮರಳಿನಲ್ಲಿರುವ ಖನಿಜ) ಕೋಶಗಳೊಳಗೆ ಇಳಿದು ಗಟ್ಟಿಯಾಗುತ್ತದೆ. ಇಂಥ ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ತೇದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ 1830ರ ದಶಕದಿಂದಲೂ ಇದೆ. ನೀರು ಸಾಗಿಸುವ ಅಗಲವಾದ ನಾಳಗಳು ಕಂಡರೆ ಅದು ಹೂಬಿಡುವ ಸಸ್ಯಗಳ ಗುಂಪಿನದೆಂದೂ, ಬರೀ ಕಿರಿದಾದ ಉದ್ದನೆಯ ಕೋಶಗಳಿದ್ದರೆ ಪೈನ್‌ನಂಥ ಮರಗಳ ಬಳಗದ್ದೆಂದೂ ಸಾಮಾನ್ಯವಾಗಿ ಊಹಿಸಬಹುದು.

ಹವಾಮಾನ ತಿಳಿಯಲು ಹೆಚ್ಚು ನೆರವಾಗುವುದು ಬೆಳವಣಿಗೆಯ ಉಂಗುರಗಳೇ. ಯುರೋಪ್ ಮತ್ತು ಉತ್ತರ ಅಮೆರಿಕದ ಕಲ್ಲಿದ್ದಲಿನ ಯುಗದ, ಸುಮಾರು 31 ಕೋಟಿ ವರ್ಷ ಹಿಂದಿನ ಮರಗಳಲ್ಲಿ ಸ್ಪಷ್ಟ ಉಂಗುರಗಳು ಅಪರೂಪ. ಏಕೆಂದರೆ ಆ ಭೂಭಾಗಗಳು ಆಗ ಋತುಗಳ ವ್ಯತ್ಯಾಸ ಕಡಿಮೆಯಿರುವ ಸಮಭಾಜಕದ ಆಸುಪಾಸಿನಲ್ಲಿದ್ದವು. ಇದಕ್ಕೆ ತದ್ವಿರುದ್ಧವಾಗಿ, ಇಂದು ಹುಲ್ಲುಗಾವಲೂ ಇಲ್ಲದ ಅಂಟಾರ್ಕ್ಟಿಕಾದಲ್ಲಿ ಸಿಕ್ಕ, 25 ಕೋಟಿ ವರ್ಷಗಳಿಗೂ ಹಳೆಯ ಗ್ಲೊಸೊಪ್ಟೆರಿಸ್ ಎಂಬ, ಈಗ ಅಳಿದುಹೋಗಿರುವ ಮರಗಳ ಬಳಗದ ಕಾಂಡಗಳಲ್ಲಿ ಉಂಗುರಗಳು ಎದ್ದು ಕಾಣುತ್ತವೆ. ಪ್ರತಿ ಉಂಗುರದ ಹೆಚ್ಚಿನ ಭಾಗ ಬೇಸಿಗೆಯ ದೊಡ್ಡ ಕೋಶಗಳದ್ದು. ಕೊನೆಯಲ್ಲಿ ಸಣ್ಣ ಕೋಶಗಳ ಕೆಲವೇ ಸಾಲುಗಳು ಬಂದು ಬೆಳವಣಿಗೆ ಥಟ್ಟನೆ ನಿಂತುಬಿಡುತ್ತದೆ. ತಿಂಗಳುಗಟ್ಟಲೆ ಬೆಳಕಿದ್ದು, ಮತ್ತೆ ತಿಂಗಳುಗಟ್ಟಲೆ ಕತ್ತಲಾಗುವ ಧ್ರುವಪ್ರದೇಶದಲ್ಲಿ, ಈಗಿನದಕ್ಕಿಂತ ಬೆಚ್ಚಗಿದ್ದ ಕಾಲದಲ್ಲಿ, ಕಾಡು ಬೆಳೆದಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ತೋಚುವುದಿಲ್ಲ.

ಆದರೆ ಒಂದೇ ತುಂಡನ್ನು ನಂಬಿ ತೀರ್ಮಾನಕ್ಕೆ ಬರುವುದು ತಪ್ಪು. ಕೆಲವು ಜಾತಿಯ ಮರಗಳು ಉಂಗುರವನ್ನೇ ಸರಿಯಾಗಿ ಮೂಡಿಸುವುದಿಲ್ಲ. ನಡುವೆ ಬರ ಬಂದರೆ ಒಂದೇ ವರ್ಷದಲ್ಲಿ ಹುಸಿ ಉಂಗುರವೂ ಮೂಡಬಹುದು. ಅಮೆರಿಕದ ಅರಿಝೋನಾ ರಾಜ್ಯದ ಪ್ರಸಿದ್ಧ ಶಿಲಾವನದಲ್ಲಿ ಬಿದ್ದಿರುವ ಸುಮಾರು 22 ಕೋಟಿ ವರ್ಷ ಹಳೆಯ ದಿಮ್ಮಿಗಳಲ್ಲಿ ಹೆಚ್ಚಿನವು ಅಲ್ಲೇ ಬೆಳೆದವಲ್ಲ, ಹೊಳೆಗಳು ಹೊತ್ತು ತಂದವು. ಬೇರು ನೆಲದಲ್ಲೇ ಇತ್ತೇ, ಕಾಂಡ ಯಾವ ಪದರದಲ್ಲಿ, ಯಾವ ದಿಕ್ಕಿಗೆ ಮಲಗಿತ್ತು ಎಂಬುದು ತಿಳಿಯದಿದ್ದರೆ ಅದು ಕಂಡ ಹವಾಮಾನ ಎಲ್ಲಿಯದೆಂದೇ ಹೇಳಲಾಗದು. ಜನ ತುಂಡುಗಳನ್ನು ಒಯ್ಯುವುದನ್ನು ತಡೆಯಬೇಕೆಂಬುದೂ ಆ ವನವನ್ನು 1906ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲು ಒಂದು ಕಾರಣವಾಗಿತ್ತು.

ಇಂಥ ಮರಗಳು ಪತ್ತೆಯಾದ ಸುದ್ದಿ ಪ್ರಕಟಿಸುವಾಗ ಪತ್ರಿಕೆಗಳು ಅವುಗಳ ವಯಸ್ಸು, ಉದ್ದದ ಜೊತೆಗೆ ಸಿಕ್ಕ ಜಾಗ, ಪದರ, ಮಲಗಿದ್ದ ದಿಕ್ಕಿನ ವಿವರಗಳನ್ನೂ ಕೇಳಿ ಬರೆಯಬೇಕು. ಕಂಡವರು ಕದಲಿಸದೆ ಚಿತ್ರ ತೆಗೆದು ಭೂವಿಜ್ಞಾನಿಗಳಿಗೆ ತಿಳಿಸಬೇಕೆಂಬ ಸೂಚನೆಯನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ