ಶ್ರೀರಂಗಪಟ್ಟಣದ ಮದ್ದಿನ ಮನೆಗೆ ಒಂದು ಬೋರ್ಡು ಹಾಕಿಸಿ

ಪುರಾತತ್ವ ಇಲಾಖೆಯ ಮಾನ್ಯರೇ,

ನಾನು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯವನು. ಮನೆಗೆ ಯಾವ ನೆಂಟರು ಬಂದರೂ ಕೋಟೆ ತೋರಿಸುವ ಕೆಲಸ ನನ್ನದೇ. ಇಷ್ಟು ವರ್ಷ ಸುಮ್ನಿದ್ದೆ. ಹೋದ ಭಾನುವಾರ ಆಗಿದ್ದು ನೋಡಿದ ಮೇಲೆ ಸುಮ್ನಿರೋಕೆ ಆಗಲಿಲ್ಲ.

ನಮ್ಮ ಮಾವನವರಿಗೆ 76 ವರ್ಷ. ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು. 1799ರ ಮೇ 4ರಂದು ಇಂಗ್ಲಿಷರು ಕೋಟೆಯೊಳಗೆ ನುಗ್ಗಿದ ಜಾಗದಿಂದ ಶುರು ಮಾಡಿ ಎಲ್ಲವನ್ನೂ ನಡೆದೇ ನೋಡಬೇಕು ಅಂದರು. ನಡೆದೆವು. ಒಂದು ಕಡೆಯಿಂದ ಇನ್ನೊಂದಕ್ಕೆ ದಾರಿ ತೋರಿಸುವ ಬಾಣದ ಗುರುತೂ ಇಲ್ಲ. ಟಿಪ್ಪು ಶವ ಸಿಕ್ಕ ಜಾಗಕ್ಕೆ ಕೇಳಿಕೊಂಡೇ ಹೋಗಬೇಕಾಯಿತು. ಇಂಗ್ಲಿಷ್ ಸೈನಿಕರನ್ನು ಕೂಡಿಟ್ಟಿದ್ದ ಕರ್ನಲ್ ಬೇಯ್ಲಿ ಸೆರೆಮನೆಯಲ್ಲಿ ಮಾವನವರು ಗೋಡೆಯಿಂದ ಚಾಚಿದ ಕಲ್ಲಿನ ತೂತಿಗೆ ಬೆರಳಿಟ್ಟು, "ಸರಪಳಿ ಇಲ್ಲಿಗೇ ಬಿಗೀತಿದ್ರು ಅಲ್ವಾ?" ಅಂದರು. ತುಂಬ ಹೊತ್ತು ಅಲ್ಲೇ ನಿಂತರು.

ಆಮೇಲೆ ಮದ್ದಿನ ಮನೆ, ಅಂದರೆ ಟಿಪ್ಪು ಕಾಲದಲ್ಲಿ ಸಿಡಿಮದ್ದು ಕೂಡಿಡುತ್ತಿದ್ದ ಕಟ್ಟಡ. ಜೋಡಿ ರೈಲು ಹಳಿ ಹಾಕುವಾಗ ಒಡೆಯಬಾರದು ಅಂತ, ಸುಮಾರು ಸಾವಿರ ಟನ್ನಿನ ಕಟ್ಟಡವನ್ನು 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದರಲ್ಲ, ಅದೇ. ಊರೇ ನಿಂತು ನೋಡಿತ್ತು. ಅಷ್ಟು ಕಷ್ಟಪಟ್ಟು ಉಳಿಸಿದ್ದಕ್ಕೆ ಈಗ ಸುತ್ತ ಮೊಣಕಾಲುದ್ದ ಗಿಡ. ಮಾವನವರು ಹತ್ತಿರ ಹೋಗಿ ನೋಡೋಣ ಅಂತ ಕಾಲಿಟ್ಟರು. ಒಡೆದ ಬಾಟಲಿಯ ಗಾಜು ಚಪ್ಪಲಿ ಸೀಳಿಕೊಂಡು ಅಂಗಾಲಿಗೆ ಹೊಕ್ಕಿತು. ರಕ್ತ ನಿಲ್ಲುತ್ತಿಲ್ಲ. ಗಾಯ ತೊಳೆಯಲು ಎಲ್ಲೂ ಒಂದು ನಲ್ಲಿ ಇಲ್ಲ. ಕುಡಿಯೋಕೆ ತಂದಿದ್ದ ನೀರೇ ಸುರಿದೆ. ಟವಲು ಸುತ್ತಿ ಆಟೋ ಹತ್ತಿಸಿದೆ. ಮೂರು ಹೊಲಿಗೆ ಬಿತ್ತು. ದಾರಿಯುದ್ದಕ್ಕೂ ಅವರು ಕಾಲಿನ ಮಾತೇ ಎತ್ತಲಿಲ್ಲ. "ಇದು ಮದ್ದಿನ ಮನೆ ಅಂತ ನೀವು ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?

ಬೋರ್ಡು ಹಾಕಿಸಿ ಸ್ವಾಮಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಏನು ಯಾವಾಗ ನಡೆಯಿತು ಅಂತ ಬರೆಸಿ. ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ ಅಂತ ನಮ್ಮನ್ನು ವಾಪಸ್ ಕಳಿಸಬೇಡಿ. ಆ ನಿಯಮ ಕುಡಿಯುವ ನೀರಿಗೂ ಸಾರ್ವಜನಿಕ ಶೌಚಾಲಯಕ್ಕೂ ಅಡ್ಡ ಬರಲ್ಲ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗಿಡ ಕಡಿಸೋಕೆ, ಗಾಜು ಗುಡಿಸೋಕೆ ಯಾವ ನಿಯಮ ಅಡ್ಡ ಬರುತ್ತೆ?

ಮೊದಲು ಬೋರ್ಡು ಹಾಕಿಸಿ. ಒಂದು ನಲ್ಲಿ ಹಾಕಿಸಿ. ಒಂದರಿಂದ ಇನ್ನೊಂದಕ್ಕೆ ನಡೆಯುವ ದಾರಿ ಗುರುತು ಮಾಡಿಸಿ. ಬರುವ ಮೇ 4ಕ್ಕೆ ಮತ್ತೆ ಬರ್ತೀನಿ, ಉಳಿದ ಮದ್ದಿನ ಮನೆಗಳನ್ನೂ ನೋಡಬೇಕು ಅಂತ ಮಾವನವರು ಹೇಳಿದ್ದಾರೆ. ಅಷ್ಟರೊಳಗೆ ಬೋರ್ಡು ಹಾಕಿಸಿ.

ಇಂತಿ,
ಕೋಟೆ ಪಕ್ಕದ ಹಳ್ಳಿಯವನು