ಓಪನ್ ರ‍್ಯಾನ್, ಸೆಂಟ್ರಲೈಸ್ಡ್ ರ‍್ಯಾನ್ ಒಂದಕ್ಕೊಂದು ಎದುರಾಳಿಗಳಲ್ಲ

ಮಾನ್ಯ ಸಂಪಾದಕರೇ,

ಮೊಬೈಲ್ ನೆಟ್‌ವರ್ಕ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ, ಟವರ್ ಒಳಗೆ ಏನು ನಡೆಯುತ್ತೆ ಅನ್ನೋ ವಿಷಯಕ್ಕೆ ಅಷ್ಟು ಜಾಗ ಕೊಟ್ಟಿದ್ದು ನೋಡಿ ನಿಜಕ್ಕೂ ಖುಷಿ ಆಯ್ತು. ಫೋನನ್ನ ನೆಟ್‌ವರ್ಕ್‌ಗೆ ಜೋಡಿಸೋ ಟವರ್ ಕಡೆಯ ಈ ಭಾಗಕ್ಕೇ ರ‍್ಯಾನ್ ಅನ್ನೋದು. ಆದ್ರೆ ಓಪನ್ ರ‍್ಯಾನ್ ಒಂದು ಕಡೆ, ಸೆಂಟ್ರಲೈಸ್ಡ್ ರ‍್ಯಾನ್ ಇನ್ನೊಂದು ಕಡೆ ನಿಲ್ಲಿಸಿ ಇವೆರಡರಲ್ಲಿ ಯಾವುದು ಗೆಲ್ಲುತ್ತೆ ಅಂತ ಕೇಳಿದ್ದು ಮಾತ್ರ ಸರಿ ಅನ್ನಿಸ್ಲಿಲ್ಲ. ನಾನು ವರ್ಷಗಳಿಂದ ಇದೇ ಕೆಲಸದಲ್ಲಿರೋನು. ಪೆಟ್ಟಿಗೆ ಎಲ್ಲಿಡಬೇಕು ಅನ್ನೋದು ಒಂದು ಪ್ರಶ್ನೆ, ಅದು ಸೆಂಟ್ರಲೈಸ್ಡ್ ರ‍್ಯಾನ್‌ದು, ಆ ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡೋ ಭಾಷೆ ಯಾರ ಕೈಯಲ್ಲಿರಬೇಕು ಅನ್ನೋದು ಬೇರೇನೇ ಪ್ರಶ್ನೆ, ಅದು ಓಪನ್ ರ‍್ಯಾನ್‌ದು.

ಮೊದಲು ಪೆಟ್ಟಿಗೆ ವಿಷಯ. ಟವರ್ ಮೇಲೆ ಆಂಟೆನಾ ಪಕ್ಕದಲ್ಲಿ ರೇಡಿಯೋ ಯೂನಿಟ್ ಇರುತ್ತೆ, ಅದು ತರಂಗ ಕಳಿಸೋದು ಹಿಡಿಯೋದು ಮಾಡುತ್ತೆ, ಲೆಕ್ಕಾಚಾರದ ಕೆಲಸವೆಲ್ಲ ಬೇಸ್‌ಬ್ಯಾಂಡ್‌ದು, ಅದು ಹಿಂದಿನಿಂದ ಟವರ್ ಬುಡದ ಕ್ಯಾಬಿನೆಟ್‌ನಲ್ಲೇ ಕೂತಿರ್ತಿತ್ತು. ಹಗಲು ಆಫೀಸುಗಳಿರೋ ಕಡೆ ಲೋಡ್ ಜಾಸ್ತಿ, ರಾತ್ರಿ ಮನೆಗಳಿರೋ ಕಡೆ, ಆದ್ರೆ ಪ್ರತಿ ಟವರಿಗೂ ಅದರ ಗರಿಷ್ಠ ಲೋಡಿಗೆ ತಕ್ಕಷ್ಟು ಬೇಸ್‌ಬ್ಯಾಂಡ್ ಕೊಟ್ಟು, ಅದಕ್ಕೊಂದು ಎಸಿ, ಬ್ಯಾಟರಿ ಎಲ್ಲ ಇಟ್ಟು, ದಿನದ ಬಹುಪಾಲು ಹೊತ್ತು ಸುಮ್ಮನೆ ಕರೆಂಟ್ ಸುಡ್ತಾ ಇರ್ತೀವಿ. 2010ರ ಸುಮಾರಿಗೆ ಚೈನಾ ಮೊಬೈಲ್ ಕಂಪನಿ ಇದನ್ನೆಲ್ಲ ಒಂದು ರೂಮಿಗೆ ತಂದು, ಹತ್ತಾರು ಟವರ್‌ಗಳು ಹಂಚಿಕೊಳ್ಳೋ ಹಾಗೆ ಮಾಡೋಣ ಅಂತ ಹೊರಟಿದ್ದೇ ಸೆಂಟ್ರಲೈಸ್ಡ್ ರ‍್ಯಾನ್, ಚಿಕ್ಕದಾಗಿ ಸಿ-ರ‍್ಯಾನ್. ಸೆಲ್ ಅಂದ್ರೆ ಒಂದು ರೇಡಿಯೋದ ಸಿಗ್ನಲ್ ಮುಟ್ಟೋ ಪ್ರದೇಶ; ಅಕ್ಕಪಕ್ಕದ ಸೆಲ್‌ಗಳ ಲೆಕ್ಕ ಒಂದೇ ಕಡೆ ಆಗೋದ್ರಿಂದ ಒಂದು ಇನ್ನೊಂದಕ್ಕೆ ಅಡ್ಡಿ ಮಾಡೋದನ್ನ ತಗ್ಗಿಸೋದೂ ಸುಲಭ.

ತೊಂದರೆ ಬಂದಿದ್ದು ಟವರನ್ನ ಆ ರೂಮಿಗೆ ಜೋಡಿಸೋ ಫೈಬರ್‌ನಲ್ಲಿ. 20 ಮೆಗಾಹರ್ಟ್ಸ್‌ನ 4ಜಿ ಸೆಲ್, ಎರಡು ಆಂಟೆನಾ ಅಂದ್ರೆ ಎಲ್ಲ ಗ್ರಾಹಕರಿಗೂ ಸೇರಿ ಹೆಚ್ಚಂದ್ರೆ ಸೆಕೆಂಡಿಗೆ 150ರಿಂದ 200 ಮೆಗಾಬಿಟ್ ಸಿಗುತ್ತೆ, ಆದ್ರೆ ರೇಡಿಯೋ-ಬೇಸ್‌ಬ್ಯಾಂಡ್ ಮಾತುಕತೆಗೆ ಕಂಪನಿಗಳು ಮಾಡಿಕೊಂಡಿದ್ದ ಹಳೇ ಸಿಪಿಆರ್‌ಐ ಕ್ರಮದಲ್ಲಿ ಆ ಸೆಲ್‌ನ ರೇಡಿಯೋಗೂ ಬೇಸ್‌ಬ್ಯಾಂಡ್‌ಗೂ ನಡುವೆ 2.4576 ಗಿಗಾಬಿಟ್ ಹರೀತಾ ಇರಬೇಕು. ನಡುರಾತ್ರಿ ಒಬ್ಬರೂ ಫೋನ್ ಮುಟ್ಟದೇ ಇದ್ರೂ ಅಷ್ಟೇ ಹರಿಯುತ್ತೆ, ಯಾಕಂದ್ರೆ ಹೋಗೋದು ಡೇಟಾ ಅಲ್ಲ, ತರಂಗದ ಸ್ಯಾಂಪಲ್‌ಗಳು. ಅದೇ ಲೆಕ್ಕ 100 ಮೆಗಾಹರ್ಟ್ಸ್, 64 ಆಂಟೆನಾದ 5ಜಿ ರೇಡಿಯೋಗೆ ಹಾಕಿದ್ರೆ ಬರೀ ಸ್ಯಾಂಪಲ್ಲೇ ಸುಮಾರು 236 ಗಿಗಾಬಿಟ್ ಆಗುತ್ತೆ! ಜೊತೆಗೆ ದೂರದ ಮಿತಿ ಬೇರೆ, ಫೈಬರ್‌ನಲ್ಲಿ ಬೆಳಕಿಗೆ ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು, 20 ಕಿಲೋಮೀಟರ್ ಅಂದ್ರೆ ಹೋಗೋಕೇ 100, ವಾಪಸ್ ಬರೋಕೆ ಇನ್ನೊಂದು 100, ಫೋನ್ ಕಳಿಸಿದ್ದು ಸರಿಯಾಗಿ ಬಂತಾ ಇಲ್ವಾ ಅಂತ 4ಜಿಯಲ್ಲಿ 4 ಮಿಲಿಸೆಕೆಂಡ್‌ನಲ್ಲಿ ಉತ್ತರ ಕೊಡಲೇಬೇಕು, ಆ ಸಮಯದಲ್ಲೇ ಇದನ್ನೂ ಹೊಂದಿಸಬೇಕು. ಅದಕ್ಕೇ 5ಜಿಯಲ್ಲಿ ಬೇಸ್‌ಬ್ಯಾಂಡನ್ನ ಸಿಯು (ಸೆಂಟ್ರಲ್ ಯೂನಿಟ್), ಡಿಯು (ಡಿಸ್ಟ್ರಿಬ್ಯೂಟೆಡ್ ಯೂನಿಟ್) ಅಂತ ಎರಡು ಮಾಡಿದ್ರು. ಅವಸರ ಇಲ್ಲದ ಕೆಲಸ ದೂರದ ಸಿಯುಗೆ, ಅವಸರದ್ದು ಹತ್ತಿರದ ಡಿಯುಗೆ. ಈ ಕೆಲಸಗಳ ಸಾಲನ್ನ ಎಲ್ಲಿ ಕತ್ತರಿಸಬಹುದು ಅಂತ ಮೊಬೈಲ್ ಮಾನದಂಡ ಬರೆಯೋ 3ಜಿಪಿಪಿ ಸಂಸ್ಥೆ ಎಂಟು ಜಾಗ ಗುರುತಿಸಿತ್ತು.

ಇನ್ನು ಭಾಷೆ ವಿಷಯ. ಸಿಪಿಆರ್‌ಐ 2003ರಲ್ಲಿ ಶುರುವಾದದ್ದು, ಅದರ ನಿಯಮಗಳ ಪುಸ್ತಕ ಯಾರು ಬೇಕಾದ್ರೂ ಓದಬಹುದಿತ್ತು, ಆದ್ರೆ ಒಳಗೆ ಕಂಟ್ರೋಲ್ ಸಂದೇಶಕ್ಕೆ ಬಿಟ್ಟ ಜಾಗವನ್ನ ಪ್ರತಿ ಕಂಪನಿ ತನಗೆ ಬೇಕಾದ ಹಾಗೆ ತುಂಬಿಕೊಳ್ತು. ಹಾಗಾಗಿ ಒಬ್ಬರ ರೇಡಿಯೋ ಇನ್ನೊಬ್ಬರ ಬೇಸ್‌ಬ್ಯಾಂಡ್ ಜೊತೆ ಮಾತೇ ಆಡ್ತಿರಲಿಲ್ಲ, ಒಮ್ಮೆ ಒಬ್ಬ ವೆಂಡರ್ (ಉಪಕರಣ ಮಾರೋ ಕಂಪನಿ) ಹತ್ರ ಹೋದ್ರೆ ಮುಗೀತು. ಇದನ್ನ ಬಿಡಿಸೋಕೆ ಅಂತಾನೇ 2018ರಲ್ಲಿ ಮೊಬೈಲ್ ಸೇವೆ ಕೊಡೋ ಕಂಪನಿಗಳಾದ ಎಟಿ ಅಂಡ್ ಟಿ, ಚೈನಾ ಮೊಬೈಲ್, ಡಾಯ್ಚ ಟೆಲಿಕಾಮ್, ಎನ್‌ಟಿಟಿ ಡೊಕೊಮೊ, ಆರೆಂಜ್ ಸೇರಿ ಓ-ರ‍್ಯಾನ್ ಅಲಯನ್ಸ್ ಕಟ್ಟಿದ್ರು. ಅದು ಹುಟ್ಟಿದ್ದೇ ಭಾಷೆ ಓಪನ್ ಮಾಡೋಕೆ ಅಂತ ಇದ್ದ ಎಕ್ಸ್-ರ‍್ಯಾನ್ ಫೋರಂ ಮತ್ತು ಸಿ-ರ‍್ಯಾನ್ ಅಲಯನ್ಸ್ ಎರಡೂ ಕೂಡಿಕೊಂಡು. ಸೆಂಟ್ರಲೈಸ್ ಮಾಡೋಣ ಅಂದವರೇ ಓಪನ್ ಮಾಡೋಣ ಅಂತಾನೂ ಸೇರಿದ್ದಾರೆ, ಇದನ್ನ ನಿಮ್ಮ ಲೇಖನ ಪೂರ್ತಿ ಬಿಟ್ಟುಬಿಟ್ಟಿದೆ! ರೇಡಿಯೋಗೂ ಡಿಯುಗೂ ನಡುವೆ ಅವರು ಆರಿಸಿದ 7.2ಎಕ್ಸ್ ಅನ್ನೋ ಕಡೆ ಕತ್ತರಿಸಿದ್ರೆ ಲೆಕ್ಕಾಚಾರದ ಒಂದು ಪಾಲು ರೇಡಿಯೋದಲ್ಲೇ ಆಗುತ್ತೆ, ಫೈಬರ್ ಮೇಲಿನ ಭಾರವೂ ಎಷ್ಟೋ ಇಳಿಯುತ್ತೆ.

ನನ್ನದೇ ಒಂದು ರಾತ್ರಿಯ ಕಥೆ ಹೇಳ್ತೀನಿ. ಹೊಸ ಸೈಟ್ ಆನ್ ಮಾಡ್ತಿದ್ವಿ, ರೇಡಿಯೋ ಒಂದು ಕಂಪನಿದು, ಡಿಯು ಸಾಫ್ಟ್‌ವೇರ್ ಇನ್ನೊಂದು ಕಂಪನಿದು. ಸೆಲ್ ಮೇಲೆ ಬರುತ್ತೆ, ಸ್ವಲ್ಪ ಹೊತ್ತಿಗೆ ಬಿದ್ದುಹೋಗುತ್ತೆ, ಮತ್ತೆ ಬರುತ್ತೆ. ಇಬ್ಬರೂ ಕಾಲ್‌ನಲ್ಲಿದ್ರು, ಇಬ್ಬರೂ ನಮ್ಮ ಕಡೆ ಎಲ್ಲ ಸರಿ ಇದೆ ಅಂತಾನೇ ಹೇಳ್ತಿದ್ರು. ರೇಡಿಯೋಗೂ ಡಿಯುಗೂ ನಡುವಿನ ದಾರಿಯಾದ ಓಪನ್ ಫ್ರಂಟ್‌ಹಾಲ್‌ನಲ್ಲಿ ಪ್ರತಿ ಪ್ಯಾಕೆಟ್ಟಿಗೂ ಇಂಥ ಹೊತ್ತಿನೊಳಗೇ ಬಂದು ಸೇರಬೇಕು ಅಂತ ಒಂದು ಕಿಟಕಿ ಇರುತ್ತೆ, ಹೊತ್ತಿಗೆ ಬಂದಿದ್ದೆಷ್ಟು, ಬೇಗ ಬಂದಿದ್ದೆಷ್ಟು, ತಡವಾಗಿ ಬಂದಿದ್ದೆಷ್ಟು ಅಂತ ರೇಡಿಯೋನೇ ಎಣಿಸುತ್ತೆ. ನೋಡಿದ್ರೆ ತಡದ ಸಂಖ್ಯೆ ಏರ್ತಾನೇ ಇತ್ತು. ಕೊನೆಗೆ ಸಿಕ್ಕಿದ್ದು ನಡುವಿನ ಸ್ವಿಚ್, ಅದು ಟೈಮ್ ಹೇಳೋ ಪ್ಯಾಕೆಟ್ಟನ್ನೂ ಮಾಮೂಲಿ ಪ್ಯಾಕೆಟ್ ಥರಾನೇ ಸಾಲಲ್ಲಿ ನಿಲ್ಲಿಸಿ ಕಳಿಸ್ತಿತ್ತು, ತನ್ನಲ್ಲಾದ ತಡವನ್ನ ಲೆಕ್ಕಕ್ಕೇ ಸೇರಿಸ್ತಿರಲಿಲ್ಲ, ಹೀಗಾಗಿ ರೇಡಿಯೋ ಗಡಿಯಾರ ಜಾರ್ತಿತ್ತು. ಸೆಲ್‌ಗಳ ಗಡಿಯಾರ 1.5 ಮೈಕ್ರೋಸೆಕೆಂಡ್‌ಗಿಂತ ಹೆಚ್ಚು ಆಚೀಚೆ ಆಗಬಾರದ ಕಡೆ ಇದು ಸಣ್ಣ ತಪ್ಪಲ್ಲ. ಸ್ವಿಚ್ ಸೆಟ್ಟಿಂಗ್ ಬದಲಿಸಿದ ಮೇಲೆ ಸೆಲ್ ನಿಂತಿತು.

ಎಲ್ಲ ಒಂದೇ ಕಂಪನಿದು ಆಗಿದ್ರೆ ಆ ರಾತ್ರಿ ಯಾರನ್ನ ಕೇಳಬೇಕು ಅನ್ನೋ ಗೊಂದಲವೇ ಇರ್ತಿರಲಿಲ್ಲ, ಓಪನ್ ರ‍್ಯಾನ್ ವಿರೋಧಿಸೋರ ಈ ಮಾತಿನಲ್ಲಿ ಸತ್ಯ ಇದೆ. ಆದ್ರೆ ಆ ಎಣಿಕೆ ನಮ್ಮ ಕಣ್ಣಿಗೆ ಬಿದ್ದಿದ್ದು, ಅದರ ಅರ್ಥ ನಮಗೇ ಗೊತ್ತಾಗಿದ್ದು ಭಾಷೆ ಓಪನ್ ಇದ್ದಿದ್ದಕ್ಕೆ. ಈ ಕೆಲಸ ಬಲ್ಲ ಎಂಜಿನಿಯರ್‌ಗಳನ್ನ ಆಪರೇಟರ್ ಕಂಪನಿಗಳು ತಮ್ಮಲ್ಲೇ ಇಟ್ಟುಕೊಳ್ಳದೆ ಬರೀ ಖರ್ಚು ಉಳಿಯುತ್ತೆ ಅಂತ ಓಪನ್ ಕಡೆ ಬಂದ್ರೆ ಖಂಡಿತ ಸೋಲ್ತಾರೆ. ಇನ್ನೊಂದು ವಿಷಯ, ಸೆಂಟ್ರಲೈಸ್ ಮಾಡಿದಷ್ಟೂ ಓಪನ್ ಇರಬೇಕಾದ ಅಗತ್ಯ ಹೆಚ್ಚು ಅಂತ ನನ್ನ ಗಟ್ಟಿ ಅಭಿಪ್ರಾಯ, ಒಂದು ಟವರ್ ಒಬ್ಬ ವೆಂಡರ್‌ಗೆ ಸಿಕ್ಕಿಬಿದ್ರೆ ಆ ಒಂದು ಟವರ್ ಬದಲಿಸಬಹುದು, ಇಡೀ ರೂಮೇ ಸಿಕ್ಕಿಬಿದ್ರೆ ಅದಕ್ಕೆ ಜೋಡಿಸಿರೋ ಎಲ್ಲ ಟವರೂ ಹೋದಂಗೆ.

ಎರಡೂ ಒಟ್ಟಿಗೆ ಇರಬಹುದು ಅನ್ನೋದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಜಪಾನಿನ ರಾಕುಟೆನ್ ಮೊಬೈಲ್ 2020ರಲ್ಲಿ ಸೇವೆ ಶುರು ಮಾಡಿದಾಗ 4ಜಿಗೆ ನೋಕಿಯಾ ರೇಡಿಯೋ, ಅಲ್ಟಿಯೋಸ್ಟಾರ್ ಸಾಫ್ಟ್‌ವೇರ್ ಬಳಸಿತು, ಆ ಸಾಫ್ಟ್‌ವೇರ್ ಓಡಿದ್ದು ಟವರ್ ಬುಡದಲ್ಲಲ್ಲ, ಡೇಟಾ ಸೆಂಟರ್‌ಗಳಲ್ಲಿ. ಇನ್ನೊಂದು ಕಡೆ 2023ರ ಡಿಸೆಂಬರ್‌ನಲ್ಲಿ ಎಟಿ ಅಂಡ್ ಟಿ ಓಪನ್ ರ‍್ಯಾನ್ ಹೆಸರಲ್ಲೇ ಎರಿಕ್ಸನ್ ಜೊತೆ ಐದು ವರ್ಷಕ್ಕೆ ಸುಮಾರು 14 ಬಿಲಿಯನ್ ಡಾಲರ್‌ನ ಒಪ್ಪಂದ ಮಾಡಿಕೊಳ್ತು, ಅಷ್ಟೊಂದು ಒಬ್ಬರ ಕೈಗೆ ಕೊಟ್ಟಮೇಲೆ ಅದು ಎಷ್ಟು ಓಪನ್ ಅಂತ ಕೇಳಿದವರೂ ಇದ್ದಾರೆ, ನ್ಯಾಯವಾದ ಪ್ರಶ್ನೆಯೇ.

ಮುಂದಿನ ಸಲ ಯಾವುದಾದ್ರೂ ಕಂಪನಿ ನಮ್ಮದು ಓಪನ್ ನೆಟ್‌ವರ್ಕ್ ಅಂತ ಹೇಳಿದಾಗ ನಿಮ್ಮ ವರದಿಗಾರರು ದಯವಿಟ್ಟು ಎರಡು ವಿಷಯ ಕೇಳಲಿ: ನಿಮ್ಮ ಒಂದೇ ಡಿಯು ಮೇಲೆ ಇವತ್ತು ಎಷ್ಟು ಕಂಪನಿಗಳ ರೇಡಿಯೋ ಓಡ್ತಿವೆ, ಮತ್ತೆ ರಾತ್ರಿ ಸೆಲ್ ಬಿದ್ರೆ ಅದನ್ನ ಹುಡುಕೋರು ನಿಮ್ಮವರಾ ಅಥವಾ ವೆಂಡರ್ ಕಡೆಯವರಾ.

ಇತಿ,
ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲಿರೋ ನಿಮ್ಮ ಒಬ್ಬ ಓದುಗ