ಏರ್ ಶೋ ವಿಮಾನದ ಮಾದರಿ ಕಟ್ಟುತ್ತೇವೆ, ಹಾರಿಸಲು ಒಂದು ಗದ್ದೆ ಬೇಕು

ಮಾನ್ಯ ಸಂಪಾದಕರೇ,

ಈ ಮಳೆಗಾಲದಲ್ಲಿ ಗೋಣಿಕೊಪ್ಪಲು ಸುತ್ತಮುತ್ತಲಿನ ನಾವು ಕೆಲವರು ಸೇರಿ ಎಕ್ಸ್‌ಟ್ರಾ 300 ಎಂಬ ಏರೋಬ್ಯಾಟಿಕ್ (ಆಕಾಶದಲ್ಲಿ ಲಾಗ ಹಾಕಿ ಕಸರತ್ತು ತೋರಿಸುವ) ವಿಮಾನದ ದೊಡ್ಡ ಮಾದರಿ ಕಟ್ಟಲು ಹೊರಟಿದ್ದೇವೆ. ರಿಮೋಟಿನಲ್ಲಿ ಹಾರುವಂಥದ್ದು. ಹೇಳಿದರೆ ಸಾಕು, "ಆಟಿಕೆ ತಾನೇ, ಆನ್‌ಲೈನಲ್ಲಿ ತರಿಸಬಹುದಲ್ವಾ" ಅನ್ನುತ್ತಾರೆ. ಅದಕ್ಕೇ ಈ ಪತ್ರ.

ಇದು ಆಟಿಕೆ ಅಲ್ಲ. ಜರ್ಮನಿಯ ವಾಲ್ಟರ್ ಎಕ್ಸ್‌ಟ್ರಾ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1988ರಲ್ಲಿ. ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡಕ್ಕೂ ಒಂದೇ ಆಕಾರ, ಹಾಗಾಗಿ ಮಗುಚಿಕೊಂಡೂ ಸಲೀಸಾಗಿ ಹಾರುತ್ತದೆ. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ 8 ಮೀಟರ್. ಶೇ 40ರ ಅಳತೆಯಲ್ಲಿ ಕಟ್ಟಿದರೆ 3.2 ಮೀಟರ್, ಅಂದರೆ ಹತ್ತು ಅಡಿಗೂ ಜಾಸ್ತಿ. ತೂಕ 20 ಕೆ.ಜಿ. ಆಸುಪಾಸು, ಎಂಜಿನ್ 150ರಿಂದ 200 ಸಿಸಿ. ಎಂಜಿನ್ನಿನ ಎಳೆತ ವಿಮಾನದ ತೂಕಕ್ಕಿಂತ ಜಾಸ್ತಿ ಇರುವುದರಿಂದ ಮೂತಿ ಮೇಲೆ ಮಾಡಿ ಗಾಳಿಯಲ್ಲಿ ನಿಂತಲ್ಲೇ ನಿಲ್ಲಿಸಬಹುದು. ನೋಡಿದವರಿಗೇ ಗೊತ್ತು ಅದರ ಚೆಂದ.

ಇಷ್ಟು ದೊಡ್ಡದನ್ನು ಒಬ್ಬನೇ ಕಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಖರ್ಚಿನ ಮಾತು ಬಿಡಿ, ಅದನ್ನು ಹಂಚಿಕೊಳ್ಳಬಹುದು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡಿ ವಿಮಾನವನ್ನು ವಾಲಿಸುವ ಹಲಗೆಗೆ ಐಲರಾನ್ ಅನ್ನುತ್ತಾರೆ. ಅದರ ಹಿಂಜ್ ಅಥವಾ ಅದನ್ನು ಎಳೆಯುವ ಕಡ್ಡಿ ಸ್ವಲ್ಪ ಸಡಿಲ ಇದ್ದರೂ, ವೇಗ ಹೆಚ್ಚಿದಾಗ ಆ ಹಲಗೆ ಪಟಪಟ ಅದುರಲು ಶುರುವಾಗಿ, ಅದನ್ನು ಆಡಿಸುವ ಪುಟ್ಟ ಸರ್ವೋ ಮೋಟಾರಿನ ಗಿಯರ್ ಹಲ್ಲು ಮುರಿದು, ನೋಡನೋಡುತ್ತಿದ್ದಂತೆ ವಿಮಾನ ಕೈತಪ್ಪುತ್ತದೆ. ಕಟ್ಟಿದವನ ಕಣ್ಣಿಗೆ ತನ್ನ ಕೆಲಸದ ಸಡಿಲು ಕಾಣುವುದು ಕಷ್ಟ. ಇನ್ನೊಬ್ಬ ಬಂದು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ "ಇದು ಆಗಲ್ಲ, ಬಿಚ್ಚು" ಅನ್ನಬೇಕು.

ಕೆಲಸ ಗೊತ್ತಿರುವವರು ನಮ್ಮಲ್ಲೇ ಇದ್ದಾರೆ. ತೋಟದ ವೀಡ್ ಕಟ್ಟರ್ ರಿಪೇರಿ ಮಾಡುವವರನ್ನೇ ನೋಡಿ. ಈ ವಿಮಾನದ ಎಂಜಿನ್ನೂ ಅಂಥದ್ದೇ ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಕಾರ್ಬುರೇಟರಿನಲ್ಲಿ ಅದೇ ಎರಡು ಸ್ಕ್ರೂ, ಒಂದು ಕಡಿಮೆ ವೇಗಕ್ಕೆ, ಒಂದು ಹೆಚ್ಚು ವೇಗಕ್ಕೆ. ಸದ್ದು ಕೇಳಿಯೇ ಕಾಲು ಸುತ್ತು ತಿರುಗಿಸಿ ಸರಿಮಾಡುವ ಮೆಕ್ಯಾನಿಕ್‌ಗಳು ನಮ್ಮ ಸಂತೆಪೇಟೆಗಳಲ್ಲಿ ಇದ್ದಾರೆ. ಬಾಲ್ಸಾ ಎಂಬ ತೀರಾ ಹಗುರ ಮರ, ತೆಳು ಪ್ಲೈವುಡ್ ಕೊಯ್ಯಲು ಒಳ್ಳೆ ಆಚಾರಿ ಬೇಕು. ನಮ್ಮ ಮಳೆಯ ಥಂಡಿಗೆ ಬಾಲ್ಸಾ ತೇವ ಎಳೆದು ಸೊಟ್ಟಗಾಗುತ್ತದೆ, ಅಂಟು ಒಣಗುವವರೆಗೆ ರೆಕ್ಕೆಯನ್ನು ಸಮ ಹಲಗೆಯ ಮೇಲೆ ಭಾರ ಹೇರಿ ಕೂರಿಸಬೇಕು. ಅದಕ್ಕೊಂದು ಬೆಚ್ಚಗಿನ ಕೋಣೆ ಬೇಕೇ ಬೇಕು.

ಮಡಿಕೇರಿಗೆ ಹೋದವರೆಲ್ಲ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆ ನೋಡಿರುತ್ತಾರೆ. 1965ರ ಯುದ್ಧದಲ್ಲಿ ತೀರಿಕೊಂಡ ಅವರಿಗೆ 1988ರಲ್ಲಿ ಮಹಾವೀರ ಚಕ್ರ ಬಂತು. ನಮ್ಮ ಮಕ್ಕಳಿಗೆ ಆ ಹೆಸರು ಗೊತ್ತು, ಆದರೆ ವಿಮಾನ ಎಡಕ್ಕೆ ವಾಲುವುದು ಹೇಗೆ ಅಂತ ಕೇಳಿದರೆ ಗೊತ್ತಿಲ್ಲ. ಕೈಯಲ್ಲಿ ಒಂದು ಐಲರಾನ್ ಕಟ್ಟಿ ನೋಡಿದ ಹುಡುಗಿಗೆ ಅದನ್ನು ಯಾರೂ ಮತ್ತೆ ಹೇಳಿಕೊಡಬೇಕಾಗಿಲ್ಲ.

ಕಾನೂನಿನ ಭಯ ಬೇಡ, ಆದರೆ ಅಸಡ್ಡೆಯೂ ಬೇಡ. 2021ರ ಡ್ರೋನ್ ನಿಯಮಗಳು 25 ಕೆ.ಜಿ. ಒಳಗಿನ ಮಾದರಿ ವಿಮಾನಗಳನ್ನು ಗುರುತಿಸುತ್ತವೆ, ಕಣ್ಣಿಗೆ ಕಾಣುವ ದೂರದಲ್ಲೇ ಹಾರಿಸಬೇಕು. ಸುಮ್ನೆ ಎಲ್ಲೆಂದರಲ್ಲಿ ಹಾರಿಸುವುದಲ್ಲ, ಹಸಿರು ವಲಯವೋ (ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಜಾಗ) ಅಲ್ಲವೋ ಸರ್ಕಾರದ ಡ್ರೋನ್ ನಕ್ಷೆ ನೋಡಿಕೊಂಡೇ ಹೋಗಬೇಕು. ಕಾಡಂಚಿನಲ್ಲಿ ಹಾರಿಸುವುದನ್ನು ನಾನಂತೂ ಒಪ್ಪುವುದಿಲ್ಲ, ಆನೆಗಳನ್ನು ಕೆಣಕುವ ಸದ್ದು ನಮಗೆ ಬೇಡ.

ಕೇಳಿಕೊಳ್ಳುವುದು ಎರಡೇ. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳು ಮಳೆಗಾಲದ ಸಂಜೆ ಹೊತ್ತು ವರ್ಕ್‌ಶಾಪಿನ ಒಂದು ಮೂಲೆ ಬಿಟ್ಟುಕೊಡಲಿ, ಅಲ್ಲಿನ ವಿದ್ಯಾರ್ಥಿಗಳೂ ಜೊತೆ ಸೇರಲಿ. ಹಾಗೆಯೇ, ಭತ್ತ ಕೊಯ್ದ ಮೇಲೆ ಖಾಲಿ ಬಿಡುವ ಗದ್ದೆ ಇರುವವರು ಭಾನುವಾರ ಬೆಳಿಗ್ಗೆ ಮಾತ್ರ ಹಾರಿಸಲು ಅವಕಾಶ ಕೊಡಲಿ. ಸುಮಾರು 150 ಮೀಟರ್ ಉದ್ದ ಇರಬೇಕು, ಮೇಲೆ ಕರೆಂಟ್ ತಂತಿ ಹಾದುಹೋಗಿರಬಾರದು, ಹತ್ತಿರ ಮನೆ ಇರಬಾರದು. ಬದುಗಳನ್ನು ಸಮ ಮಾಡುವುದು, ಮತ್ತೆ ಕಟ್ಟಿಕೊಡುವುದು ನಮ್ಮ ಜವಾಬ್ದಾರಿ.

— ಒಬ್ಬ ಓದುಗ, ಗೋಣಿಕೊಪ್ಪಲು